ಜೀವವಿಕಾಸವೂ ಶಿವಸಂಕಲ್ಪವೂ

(ಶ್ರೀಮಠದ ಮಹೋತ್ಸವದ ಅಂಗವಾಗಿ ನೆರೆದ ವಿದ್ವತ್ಸಭೆಯಲ್ಲಿ ಓದಿದ ಉಪನ್ಯಾಸ)

ಶ್ರೀಗುರುಬಸವಲಿಂಗಾಯ ನಮಃ



ಘಟ್ಟದ ಮೇಲಣ ಸೀಮೆಯಿಂದ ಬಿಸಿಲೆಯ ದಾರಿಯಾಗಿ ಇಳಿದು ಕುಕ್ಕೆ ಸುಬ್ರಹ್ಮಣ್ಯದ ಕಡೆಗೆ ಹೋಗುವ ಯಾತ್ರಿಕರಿಗೆ ಮೊದಲು ದೊರೆಯುವುದು ದಟ್ಟವಾದ ಕಾಡು; ಕಾಡು ಮುಗಿದೊಡನೆ ಅಡಕೆಯ ತೋಟಗಳು. ಕುಮಾರಪರ್ವತದ ಮಗ್ಗುಲಲ್ಲಿ ಹುಟ್ಟಿದ ಕುಮಾರಧಾರೆಯು ಕಡಬದ ನೆಲವನ್ನು ತೋಯಿಸಿ ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುವವರೆಗೆ ಕಾಡೂ ತೋಟವೂ ಒಂದನ್ನೊಂದು ಅಪ್ಪಿಕೊಂಡೇ ಸಾಗುವುವು. ಪುತ್ತೂರು, ಸುಳ್ಯ, ಕಡಬ ಎಂಬ ಮೂರು ತಾಲ್ಲೂಕುಗಳ ಈ ಸೀಮೆಯು ವೀರಶೈವಸಮಾಜಕ್ಕೆ ಅಪರಿಚಿತವಾದುದಲ್ಲ. ಇಲ್ಲಿಯ ಅಮರಸುಳ್ಯ, ಪುತ್ತೂರು ಮಾಗಣೆಗಳು ಹಿಂದೆ ಹಾಲೇರಿಯ ವೀರಶೈವ ಅರಸರ ಆಳ್ವಿಕೆಯಲ್ಲಿದ್ದವು. 1834ರಲ್ಲಿ ಆಂಗ್ಲರು ಕೊಡಗನ್ನು ವಶಪಡಿಸಿಕೊಂಡು ಈ ಭಾಗವನ್ನು ಕೆನರಾ ಜಿಲ್ಲೆಗೆ ಕೂಡಿಸಿದರು; 1837ರಲ್ಲಿ ಕಲ್ಯಾಣಸ್ವಾಮಿಯ ಹೆಸರನ್ನು ಹಿಡಿದು ಸುಳ್ಯದ ಕಡೆಯಿಂದ ಹೊರಟ ರೈತರ ದಂಡು ಮಂಗಳೂರಿನವರೆಗೂ ಸಾಗಿತು.

ಅದೇ 1837ರಲ್ಲಿ ಫ್ರಾನ್ಸ್ ದೇಶದ ದ್ಯುಮೆರಿಲ್ ಮತ್ತು ಬಿಬ್ರಾನ್ ಎಂಬ ಪ್ರಾಣಿಶಾಸ್ತ್ರಜ್ಞರು ಪಶ್ಚಿಮಘಟ್ಟದ ಒಂದು ಚಿಕ್ಕ ಪ್ರಾಣಿಗೆ ‘ಡ್ರಾಕೊ ದುಸ್ಸುಮಿಯೆರಿ’ ಎಂದು ಶಾಸ್ತ್ರೀಯವಾದ ಹೆಸರನ್ನಿಟ್ಟರು. ಕನ್ನಡಿಗರು ಇದನ್ನು ಹಾರುವ ಓತಿ ಎನ್ನುವರು. ಅಡಕೆಯ ಮರಕ್ಕೆ ಅಂಟಿಕೊಂಡಿರುವಾಗ ಇದು ಮರದ ತೊಗಟೆಯಂತೆಯೇ ತೋರುವುದು. ಇರುವೆಗಳನ್ನು ತಿನ್ನುತ್ತ ಮೇಲೇರುವುದು. ತುದಿಯನ್ನು ಮುಟ್ಟಿದ ಮೇಲೆ ಒಮ್ಮೆಗೇ ಪಕ್ಕದ ಚರ್ಮವನ್ನು ಬೀಸಣಿಗೆಯಂತೆ ಬಿಚ್ಚಿ ಇನ್ನೊಂದು ಮರದ ಬುಡದ ಕಡೆಗೆ ತೇಲಿ ಹೋಗುವುದು. ಆ ಬೀಸಣಿಗೆಯ ಕಡ್ಡಿಗಳು ಯಾವುವೆಂದರೆ, ಅದರ ಪಕ್ಕೆಲುಬುಗಳೇ. ಮನುಷ್ಯನಲ್ಲಿ ಎದೆಗೂಡಾಗಿ ಬಾಗಿದ ಎಲುಬುಗಳು ಈ ಪ್ರಾಣಿಯಲ್ಲಿ ನೀಳವಾಗಿ ಹೊರಕ್ಕೆ ಚಾಚಿ ರೆಕ್ಕೆಯ ಕಾರ್ಯವನ್ನು ಮಾಡುವುವು. ಪೂರ್ಣಚಂದ್ರ ತೇಜಸ್ವಿಯವರು 1980ರಲ್ಲಿ ಪ್ರಕಟಿಸಿದ ‘ಕರ್ವಾಲೊ’ ಕಾದಂಬರಿಯು ಹಾರುವ ಓತಿಯ ಅನ್ವೇಷಣೆಯ ಕಥೆಯೇ ಆಗಿರುವುದರಿಂದ, ಇದನ್ನು ಕಣ್ಣಿನಿಂದ ಕಾಣದ ಕನ್ನಡಿಗರೂ ಹೆಸರಿನಿಂದ ಬಲ್ಲರು.

ಇಂಥ ಪ್ರಾಣಿಯನ್ನು ಕಂಡ ಪಾಠಶಾಲೆಯ ಬಾಲಕನ ಮನಸ್ಸಿನಲ್ಲಿ ಒಂದು ಪ್ರಶ್ನೆ ಹುಟ್ಟದಿರದು. ಪ್ರೌಢಶಾಲೆಯ ವಿಜ್ಞಾನದ ಅಧ್ಯಾಪಕರು ಇದು ಕೋಟಿಗಟ್ಟಲೆ ವರ್ಷಗಳ ಜೀವವಿಕಾಸದಿಂದಾಯಿತು ಎನ್ನುವರು. ಮಠದ ಶಾಸ್ತ್ರಿಗಳು ಇದು ಶಿವನ ಸೃಷ್ಟಿ ಎನ್ನುವರು. ಎರಡರಲ್ಲಿ ಯಾವುದು ನಿಜ? ಎರಡೂ ನಿಜವಾದರೆ, ಜೀವವಿಕಾಸವೆಂಬುದು ಶಿವನು ಕೈಹಿಡಿದು ನಡೆಸಿದ ನಡಿಗೆಯೋ, ಅಥವಾ ಕಣ್ಣಿಲ್ಲದ ಪ್ರಕೃತಿಯು ತಡವರಿಸುತ್ತ ನಡೆದ ನಡಿಗೆಯೋ? ಶಾಸ್ತ್ರವಿಚಾರದಲ್ಲಿ ವಿಷಯ, ಸಂಶಯ, ಪೂರ್ವಪಕ್ಷ, ಉತ್ತರಪಕ್ಷ, ನಿರ್ಣಯ ಎಂಬ ಐದು ಅಂಗಗಳುಂಟಷ್ಟೆ. ವಿಷಯವು ಈ ಓತಿ. ಸಂಶಯವು ಈ ಬಾಲಕನದು. ಉಳಿದ ಮೂರನ್ನು ಕ್ರಮವಾಗಿ ನೋಡತಕ್ಕದ್ದು.

ಈ ಸಂಶಯವು ಪಾಶ್ಚಾತ್ಯರಿಂದ ಬಂದುದೆಂದು ಕೆಲವರು ಭಾವಿಸುವರು. ಅದು ಸರಿಯಲ್ಲ. ಮುಳ್ಳಿನ ಮೊನೆಗೂ ನವಿಲಿನ ಬಣ್ಣಕ್ಕೂ ಸ್ವಭಾವವೇ ಕಾರಣ, ಬೇರೆ ಕರ್ತನು ಬೇಕಿಲ್ಲವೆಂದು ಸ್ವಭಾವವಾದಿಗಳು ಈ ದೇಶದಲ್ಲಿಯೇ ಪುರಾತನಕಾಲದಲ್ಲಿ ವಾದಿಸಿದ್ದರು. ಸಾಂಖ್ಯರು ಪ್ರಕೃತಿಯನ್ನು ಜಡವೆಂದು ಹೇಳಿ, ಅರಿವಿಲ್ಲದ ಹಾಲು ಕರುವಿಗಾಗಿ ಸ್ರವಿಸುವಂತೆ ಅರಿವಿಲ್ಲದ ಪ್ರಕೃತಿಯು ಪುರುಷನಿಗಾಗಿ ಪ್ರವರ್ತಿಸುವುದೆಂದರು. ಇದಕ್ಕೆ ವಿರುದ್ಧವಾಗಿ ನೈಯಾಯಿಕರು, ಗಡಿಗೆಯನ್ನು ಕಂಡು ಕುಂಬಾರನನ್ನು ಊಹಿಸುವಂತೆ ಜಗತ್ತೆಂಬ ಕಾರ್ಯವನ್ನು ಕಂಡು ಜಗತ್ಕರ್ತನನ್ನು ಊಹಿಸಬೇಕೆಂದರು. ಉದಯನಾಚಾರ್ಯರ ನ್ಯಾಯಕುಸುಮಾಂಜಲಿಯು ಈ ಅನುಮಾನವನ್ನು ಸ್ಥಾಪಿಸುವುದಕ್ಕೆಂದೇ ಹುಟ್ಟಿದ ಗ್ರಂಥ. ಅಚೇತನವಾದುದು ತಾನೇ ತಾನಾಗಿ ಇಂಥ ರಚನೆಯನ್ನು ಮಾಡಲಾರದೆಂಬ ಯುಕ್ತಿಯಿಂದ ಬ್ರಹ್ಮಸೂತ್ರದ ಎರಡನೆಯ ಅಧ್ಯಾಯದಲ್ಲಿ ಸಾಂಖ್ಯಮತದ ಖಂಡನೆಯೂ ನಡೆದಿರುವುದು. ಹೀಗಿರಲು, 1859ರಲ್ಲಿ ಆಂಗ್ಲದೇಶದ ಚಾರ್ಲ್ಸ್ ಡಾರ್ವಿನ್ನನು ‘ಜೀವಿಜಾತಿಗಳ ಉಗಮ’ವನ್ನು ಪ್ರಕಟಿಸಿದಾಗ ಎದ್ದ ಕೋಲಾಹಲವು ಈ ದೇಶದ ಪಂಡಿತನಿಗೆ ಹೊಸ ಊರಿನಲ್ಲಿ ಕೇಳಿದ ಹಳೆಯ ಮಾತಿನಂತೆ ಇರತಕ್ಕದ್ದು.

ಈಗ ಪೂರ್ವಪಕ್ಷ. ಜೀವವಿಕಾಸವು ನಡೆದುದು ನಿಜ. ಆದರೆ ಅದು ನಡೆಸಲ್ಪಟ್ಟಿತು ಎಂಬುದೇ ಆ ಪಕ್ಷ. ಅಮೆರಿಕದ ಸಸ್ಯಶಾಸ್ತ್ರಜ್ಞನೂ ಡಾರ್ವಿನ್ನನ ಮಿತ್ರನೂ ಆದ ಏಸಾ ಗ್ರೇ ಎಂಬಾತನು ಇದನ್ನು ಬಹಳ ಚೆನ್ನಾಗಿ ಪ್ರತಿಪಾದಿಸಿದನು. ಇಳಿಜಾರಿನಲ್ಲಿ ಹರಿಯುವ ನೀರು ತನ್ನ ಭಾರದಿಂದಲೇ ಹರಿಯುವುದು. ಆದರೂ ಅದು ತೋಟಕ್ಕೆ ಉಪಯೋಗವಾಗುವ ಸಾಲುಗಳಲ್ಲಿಯೇ ಹರಿಯುತ್ತಿದ್ದರೆ ಕಾಲುವೆಯನ್ನು ಕಡಿದವನೊಬ್ಬನಿರುವನೆಂದು ತಿಳಿಯಬೇಕು. ಅದರಂತೆಯೇ ಜೀವಿಗಳಲ್ಲಿ ತೋರುವ ವ್ಯತ್ಯಾಸಗಳು ಹಿತವಾದ ದಿಕ್ಕಿಗೆ ಹರಿಸಲ್ಪಟ್ಟಿವೆ, ಎಂಬುದು ಅವನ ಅಭಿಪ್ರಾಯ. ಗುಡ್ಡದ ಸುರಂಗದಿಂದ ಬಂದ ನೀರನ್ನು ಕಣಿಗಳಲ್ಲಿ ತೋಟಕ್ಕೆ ಹರಿಸುವ ಪುತ್ತೂರು ಸುಳ್ಯಗಳ ಕೃಷಿಕನಿಗೆ ಈ ದೃಷ್ಟಾಂತವನ್ನು ವಿವರಿಸಬೇಕಾಗಿಲ್ಲ. ಭಕ್ತನ ಹೃದಯಕ್ಕೂ ಇದು ಹಿತವಾದುದು. ಅಡಕೆಯ ಮರಗಳ ಸಾಲು, ಆ ಮರಗಳ ನಡುವಣ ಅಂತರ, ಆ ಅಂತರವನ್ನು ದಾಟುವುದಕ್ಕೆ ತಕ್ಕ ಓತಿಯ ರೆಕ್ಕೆ, ಆ ಮರದ ಬಣ್ಣಕ್ಕೆ ತಕ್ಕ ಅದರ ಮೈಬಣ್ಣ, ಇವೆಲ್ಲವೂ ಒಬ್ಬನೇ ಅಳೆದು ಮಾಡಿದಂತೆ ತೋರುವುವಲ್ಲವೇ?

ಉತ್ತರಪಕ್ಷವು ಇಲ್ಲಿಯೇ ಆರಂಭವಾಗುವುದು. ಅಡಕೆಯ ತೋಟವು ಮನುಷ್ಯನು ನೆಟ್ಟದ್ದು. ಅಡಕೆಯ ಗಿಡವೇ ಪೂರ್ವದ ದ್ವೀಪಗಳ ಕಡೆಯಿಂದ ಬಂದುದು. ತೋಟಗಳ ವಯಸ್ಸನ್ನು ಎಷ್ಟು ಹಿಗ್ಗಿಸಿದರೂ ಸಾವಿರಗಳ ಲೆಕ್ಕದಲ್ಲಿಯೇ ನಿಲ್ಲುವುದು. ಓತಿಯ ರೆಕ್ಕೆಯ ವಯಸ್ಸನ್ನಾದರೋ ದಶಲಕ್ಷಗಳಿಂದ ಎಣಿಸಬೇಕು. ಕಾಡಿನಲ್ಲಿ ಬೇರೊಂದು ಕಾಲದಲ್ಲಿ ಬೇರೆ ಮರಗಳ ನಡುವೆ ಬೆಳೆದ ರೆಕ್ಕೆಯು ತೋಟಕ್ಕೂ ಒದಗಿತು, ಅಷ್ಟೆ. ಹೀಗೆ, ಅಳೆದು ಹೊಲಿದ ಅಂಗಿಯಂತೆ ಕಂಡ ಹೊಂದಿಕೆಯು ಅಳೆದು ಹೊಲಿದುದಲ್ಲವೆಂದು ಕಣ್ಣೆದುರಿಗೇ ಸಿದ್ಧವಾಯಿತು. ಹೊಂದಿಕೆಯೊಂದನ್ನೇ ಹೇತುವಾಗಿ ಹಿಡಿದು ಹೊಂದಿಸಿದವನನ್ನು ಅನುಮಾನಿಸಿದರೆ ಆ ಹೇತುವಿಗೆ ವ್ಯಭಿಚಾರದೋಷವು ಬರುವುದೆಂದು ತರ್ಕಶಾಸ್ತ್ರವನ್ನು ಓದಿದವರು ಒಪ್ಪಲೇಬೇಕು.

ಎರಡನೆಯ ಯುಕ್ತಿ. ಈ ಘಟ್ಟದ ಕಾಡುಗಳಲ್ಲಿ ಮರದಿಂದ ಮರಕ್ಕೆ ತೇಲುವ ಪ್ರಾಣಿಯು ಓತಿಯೊಂದೇ ಅಲ್ಲ. ಹಾರುಬೆಕ್ಕೆಂದು ಕರೆಯುವ ದೊಡ್ಡ ಅಳಿಲು ಮುಂಗಾಲು ಹಿಂಗಾಲುಗಳ ನಡುವಣ ಚರ್ಮವನ್ನು ಹರಡಿ ತೇಲುವುದು. ಹಾರುಕಪ್ಪೆಯು ಬೆರಳುಗಳ ನಡುವಣ ಪೊರೆಯನ್ನು ಬಿಚ್ಚಿ ತೇಲುವುದು. ಹಾರುಹಾವು ಎಲುಬುಗಳನ್ನು ಅಗಲಿಸಿ ಹೊಟ್ಟೆಯನ್ನು ಚಪ್ಪಟೆ ಮಾಡಿಕೊಂಡು ತೇಲುವುದು. ಕಾರ್ಯವೊಂದೇ, ಉಪಾಯಗಳು ನಾಲ್ಕು. ಒಬ್ಬ ಶಿಲ್ಪಿಯು ಮುಂದಾಲೋಚನೆಯಿಂದ ಮಾಡಿದ್ದರೆ ಒಳ್ಳೆಯದೆಂದು ಕಂಡ ಒಂದು ರೆಕ್ಕೆಯನ್ನೇ ನಾಲ್ವರಿಗೂ ಕೊಡಬಹುದಾಗಿದ್ದಿತು. ಇಲ್ಲಿಯಾದರೋ ಒಂದೊಂದು ಪ್ರಾಣಿಯೂ ತನ್ನ ಪೂರ್ವಿಕರಿಂದ ಬಂದ ದೇಹದಲ್ಲಿ ಏನಿದ್ದಿತೋ ಅದನ್ನೇ ಹಿಗ್ಗಿಸಿಕೊಂಡಿರುವುದು. ಸ್ವಲ್ಪ ಚಪ್ಪಟೆಯಾದ ಮೈಯುಳ್ಳದ್ದು ಬಿದ್ದಾಗ ಸ್ವಲ್ಪ ಮೆಲ್ಲನೆ ಬಿದ್ದಿತು. ಮೆಲ್ಲನೆ ಬಿದ್ದುದು ಬದುಕಿತು. ಬದುಕಿದುದು ಮರಿಗಳನ್ನು ಪಡೆಯಿತು. ಸಾವಿರಾರು ತಲೆಮಾರುಗಳಲ್ಲಿ ಇದೇ ಪುನರಾವರ್ತನೆಯಾದರೆ ಎಲುಬು ರೆಕ್ಕೆಯಾಗುವುದು.

ಮೂರನೆಯ ಯುಕ್ತಿಯು ನಿರ್ಣಾಯಕವಾದುದು. ಹಿತವಾದ ವ್ಯತ್ಯಾಸಗಳು ಅವಶ್ಯಕತೆಯನ್ನು ಅರಿತು ಹುಟ್ಟುವುವೋ, ಅವಶ್ಯಕತೆಯ ಗೊಡವೆಯಿಲ್ಲದೆ ಹುಟ್ಟುವುವೋ ಎಂಬುದನ್ನು 1943ರಲ್ಲಿ ಲೂರಿಯಾ ಮತ್ತು ಡೆಲ್‌ಬ್ರುಕ್ ಎಂಬ ಇಬ್ಬರು ವಿಜ್ಞಾನಿಗಳು ಪರೀಕ್ಷಿಸಿದರು. ಸೂಕ್ಷ್ಮಾಣುಗಳನ್ನು ಹಲವು ಕುಡಿಕೆಗಳಲ್ಲಿ ಬೇರೆಬೇರೆಯಾಗಿ ಬೆಳೆಸಿ, ಅನಂತರ ಅವುಗಳನ್ನು ಕೊಲ್ಲುವ ವೈರಸ್ಸಿಗೆ ಒಡ್ಡಿದರು. ಆಪತ್ತು ಬಂದ ಮೇಲೆ ಅದಕ್ಕೆ ಉತ್ತರವಾಗಿ ತಾಳುವ ಶಕ್ತಿ ಹುಟ್ಟುವುದಾದರೆ ಎಲ್ಲ ಕುಡಿಕೆಗಳಲ್ಲಿಯೂ ಬದುಕಿ ಉಳಿದವುಗಳ ಸಂಖ್ಯೆ ಹೆಚ್ಚುಕಡಮೆ ಸಮವಾಗಿರಬೇಕು. ಹಾಗಾಗಲಿಲ್ಲ. ಕೆಲವು ಕುಡಿಕೆಗಳಲ್ಲಿ ಒಂದೂ ಉಳಿಯಲಿಲ್ಲ. ಕೆಲವರಲ್ಲಿ ಬಹುಸಂಖ್ಯೆಯಲ್ಲಿ ಉಳಿದವು. ಆಪತ್ತು ಬರುವುದಕ್ಕೆ ಮುಂಚೆಯೇ, ಆಪತ್ತಿನ ಸುಳಿವಿಲ್ಲದೆಯೇ, ಎಲ್ಲಿಯೋ ಒಂದರಲ್ಲಿ ಆ ಶಕ್ತಿಯು ಹುಟ್ಟಿದ್ದಿತು. ಬೇಗ ಹುಟ್ಟಿದ ಕುಡಿಕೆಯಲ್ಲಿ ಸಂತಾನ ಹೆಚ್ಚಾಯಿತು. ವ್ಯತ್ಯಾಸವು ಮುಂದನ್ನು ನೋಡಿ ಹುಟ್ಟುವುದಿಲ್ಲವೆಂಬುದು ಹೀಗೆ ಪ್ರತ್ಯಕ್ಷವಾಯಿತು. ವಿಜ್ಞಾನಿಗಳು ಜೀವವಿಕಾಸವನ್ನು ಕುರುಡೆಂದು ಕರೆಯುವುದು ಮುಖ್ಯವಾಗಿ ಈ ಅರ್ಥದಲ್ಲಿ.

ಇದರ ಛಾಯೆಯನ್ನು ಸುಳ್ಯದ ಸೀಮೆಯಲ್ಲಿಯೂ ನೋಡಬಹುದು. ಸಂಪಾಜೆ, ಅರಂತೋಡು ಮೊದಲಾದ ಗ್ರಾಮಗಳ ತೋಟಗಳಲ್ಲಿ ಹಳದಿ ಎಲೆ ರೋಗವು ದಶಕಗಳಿಂದ ಹಬ್ಬಿ, ಅಡಕೆಯನ್ನೇ ನಂಬಿದ್ದ ಮನೆತನಗಳು ಕಂಗೆಟ್ಟಿರುವುವು. ಇದಕ್ಕೆ ಔಷಧವಿಲ್ಲ. ಆದರೆ ಹಳದಿಯಾಗಿ ಸೊರಗಿದ ತೋಟದ ನಡುವೆ ಅಲ್ಲೊಂದು ಇಲ್ಲೊಂದು ಮರವು ಹಸುರಾಗಿಯೇ ನಿಂತಿರುವುದುಂಟು. ಅಂಥ ಮರಗಳನ್ನು ಗುರುತಿಸಿ, ಅವುಗಳ ಹಿಂಗಾರದಿಂದ ಅಂಗಾಂಶಕೃಷಿಯ ವಿಧಾನದಲ್ಲಿ ಸಸಿಗಳನ್ನು ಬೆಳೆಸುವ ಪ್ರಯತ್ನವನ್ನು ವಿಟ್ಲದಲ್ಲಿರುವ ಸಿಪಿಸಿಆರ್‌ಐ ಸಂಶೋಧನಕೇಂದ್ರದವರು ಕೈಕೊಂಡಿರುವರು. ಆ ಮರಗಳಲ್ಲಿ ಕೆಲವಕ್ಕೆ ರೋಗವು ಇನ್ನೂ ತಗುಲದೆ ಇರಬಹುದು. ಕೆಲವಕ್ಕೆ ತಾಳುವ ಗುಣವು ಹುಟ್ಟಿನಿಂದಲೇ ಇರಬಹುದು. ಆ ಗುಣವಿದ್ದ ಮರಕ್ಕೆ ಅದು ರೋಗವನ್ನು ನಿರೀಕ್ಷಿಸಿ ಬಂದುದಲ್ಲ. ರೋಗವು ಬಾರದೆ ಇದ್ದಿದ್ದರೆ ಅಂಥ ಗುಣವೊಂದುಂಟೆಂದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಹಾಗಾದರೆ ಎಲ್ಲವೂ ಆಕಸ್ಮಿಕವೇ? ಗಾಳಿಗೆ ಬಿದ್ದ ಕಲ್ಲುಗಳಿಂದ ದೇವಾಲಯವಾಗುವುದೇ? ಎಂದು ಆಕ್ಷೇಪಿಸಿದರೆ, ಅದಕ್ಕೆ ಸಮಾಧಾನವುಂಟು. ವ್ಯತ್ಯಾಸವು ಹುಟ್ಟುವುದು ಆಕಸ್ಮಿಕ, ಉಳಿಯುವುದು ಆಕಸ್ಮಿಕವಲ್ಲ. ಅಡಕೆಯ ವ್ಯಾಪಾರಿಯು ಒಣಗಿದ ಅಡಕೆಯನ್ನು ಜರಡಿಗೆ ಹಾಕಿ ಆಡಿಸುವನು. ಸಣ್ಣದು ಕೆಳಗೆ ಬೀಳುವುದು, ದೊಡ್ಡದು ಮೇಲೆ ನಿಲ್ಲುವುದು. ಜರಡಿಗೆ ಸಾವಿರ ಕಣ್ಣು. ಅವುಗಳಲ್ಲಿ ಒಂದೂ ಕಾಣುವುದಿಲ್ಲ. ಆದರೂ ಅದು ಆರಿಸುವುದರಲ್ಲಿ ತಪ್ಪುವುದಿಲ್ಲ. ಪ್ರಕೃತಿಯ ಆಯ್ಕೆ ಎಂದು ಡಾರ್ವಿನ್ನನು ಕರೆದುದು ಇಂಥ ಜರಡಿಯನ್ನೇ. ಗ್ರೇ ಮಹಾಶಯನ ಕಾಲುವೆಯ ದೃಷ್ಟಾಂತಕ್ಕೆ ಅವನು 1868ರಲ್ಲಿ ಪ್ರಕಟಿಸಿದ ಗ್ರಂಥದ ಕೊನೆಯಲ್ಲಿ ಬೇರೊಂದು ದೃಷ್ಟಾಂತದಿಂದ ಉತ್ತರ ಕೊಟ್ಟನು: ಬೆಟ್ಟದ ಕಡಿದಾದ ಮಗ್ಗುಲಿನಿಂದ ಉರುಳಿಬಿದ್ದ ಬಂಡೆಯ ತುಂಡುಗಳಲ್ಲಿ ತಕ್ಕವನ್ನು ಆರಿಸಿ ಮನೆ ಕಟ್ಟಬಹುದು; ಆದರೆ ಆ ತುಂಡುಗಳು ಆ ಮನೆಗಾಗಿಯೇ ಆ ಆಕಾರದಲ್ಲಿ ಒಡೆದವೆಂದು ಹೇಳಲಾಗದು.

ನಾಲ್ಕನೆಯ ಯುಕ್ತಿಯು ತರ್ಕದ್ದಲ್ಲ, ಕರುಣೆಯದು. ಓತಿಯ ರೆಕ್ಕೆಯು ಈಶ್ವರನು ಕೈಯಾರೆ ತಿದ್ದಿ ಮಾಡಿದ ಕೆಲಸವಾದರೆ, ಅಡಕೆಯ ಕೊಳೆರೋಗವೂ ಅವನು ಕೈಯಾರೆ ತಿದ್ದಿ ಮಾಡಿದ ಕೆಲಸವೇ ಆಗಬೇಕು. ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಎಂಬ ವಿಜ್ಞಾನಿಯು 1910ರಲ್ಲಿ ಈ ರೋಗವನ್ನು ಕುರಿತು ಬರೆದ ಮೇಲೆ ‘ಕೊಳೆರೋಗ’ವೆಂಬ ಕನ್ನಡ ಶಬ್ದವೇ ಸಸ್ಯರೋಗಶಾಸ್ತ್ರದ ಗ್ರಂಥಗಳಲ್ಲಿ ನಿಂತಿರುವುದು. ಆ ರೋಗದ ಬೀಜಾಣುಗಳಿಗೆ ಸೂಕ್ಷ್ಮವಾದ ಬಾಲಗಳುಂಟು. ಮಳೆಯ ಹನಿಯಲ್ಲಿ ಅವು ಈಜುವುವು. ಎಳೆಯ ಕಾಯಿಯನ್ನು ಹಿಡಿದು ಕೊಳೆಯಿಸುವುವು. ರಚನಾಕೌಶಲದಲ್ಲಿ ಅದು ಓತಿಯ ರೆಕ್ಕೆಗೆ ಕಡಮೆಯಾದುದಲ್ಲ. ಆಷಾಢದ ಮಳೆಯಲ್ಲಿ ಉದುರಿದ ಕಾಯಿಗಳನ್ನು ನೋಡುತ್ತ ನಿಂತ ಕೃಷಿಕನ ಎದುರಿಗೆ, ರೆಕ್ಕೆಯನ್ನು ತೋರಿಸಿ ಶಿವನ ಕೈಚಳಕವನ್ನು ಹೊಗಳಿ, ಕೊಳೆಯ ಮಾತು ಬಂದಾಗ ಮೌನವಾಗುವ ಉಪದೇಶಕನು ಪ್ರಾಮಾಣಿಕನೆನಿಸಲಾರನು.

ಹೀಗೆ ನೋಡಿದರೆ, ಜೀವವಿಕಾಸದ ಒಂದೊಂದು ಹೆಜ್ಜೆಯನ್ನೂ ಹೊರಗಿನಿಂದ ಒಬ್ಬನು ತಿರುಗಿಸಿದನೆಂಬ ಪಕ್ಷಕ್ಕೆ ಆಧಾರವಿಲ್ಲ. ಇದರಿಂದ ಶಿವಭಕ್ತನಿಗೆ ಏನು ನಷ್ಟವಾಯಿತು? ಇಲ್ಲಿ ಎರಡು ಅರ್ಥಗಳನ್ನು ಬೇರ್ಪಡಿಸಬೇಕು. ವ್ಯತ್ಯಾಸಗಳು ಮುಂದನ್ನು ನೋಡದೆ ಹುಟ್ಟುವುವು ಎಂಬುದು ಒಂದು. ಅದನ್ನು ಪರೀಕ್ಷೆಯು ತೋರಿಸಿರುವುದು. ಜಗತ್ತಿಗೆ ಅರ್ಥವೇ ಇಲ್ಲ, ಅದರ ಮೂಲದಲ್ಲಿ ಚೈತನ್ಯವೇ ಇಲ್ಲ ಎಂಬುದು ಮತ್ತೊಂದು. ಅದನ್ನು ಯಾವ ಕುಡಿಕೆಯೂ ತೋರಿಸಲಿಲ್ಲ, ತೋರಿಸಲಾರದು. ಮೊದಲನೆಯದನ್ನು ಹೇಳುತ್ತ ಎರಡನೆಯದನ್ನು ಜತೆಗೆ ಸೇರಿಸಿಬಿಡುವ ವಿಜ್ಞಾನಿಯು ಪ್ರಮಾಣವನ್ನು ಮೀರಿ ಮಾತಾಡುವನು. ಎರಡನೆಯದಕ್ಕೆ ಹೆದರಿ ಮೊದಲನೆಯದನ್ನು ನಿರಾಕರಿಸುವ ಧಾರ್ಮಿಕನೂ ಪ್ರಮಾಣವನ್ನು ಮೀರಿಯೇ ಮಾತಾಡುವನು. ವಿಜ್ಞಾನಿಗಳಲ್ಲಿಯೂ ಈ ದಾರಿಯ ಸ್ವರೂಪವನ್ನು ಕುರಿತು ಭಿನ್ನಾಭಿಪ್ರಾಯವುಂಟು. ಕಾಲವನ್ನು ಹಿಂದಕ್ಕೆ ತಿರುಗಿಸಿ ಮತ್ತೊಮ್ಮೆ ನಡೆಯಿಸಿದರೆ ಬೇರೆಯೇ ಜೀವಿಗಳು ಬರುತ್ತಿದ್ದವೆಂದು ಸ್ಟೀಫನ್ ಗೌಲ್ಡ್ 1989ರಲ್ಲಿ ಬರೆದರು. ಪ್ರಕೃತಿನಿಯಮಗಳು ತೆರೆದಿರುವ ದಾರಿಗಳು ಕೆಲವೇ ಆದುದರಿಂದ ಮತ್ತೆಮತ್ತೆ ಅಂಥ ರೂಪಗಳೇ ಬರುತ್ತಿದ್ದವೆಂದು ಸೈಮನ್ ಕಾನ್ವೇ ಮಾರಿಸ್ 2003ರಲ್ಲಿ ಬರೆದರು. ನಾಲ್ಕು ಪ್ರಾಣಿಗಳು ನಾಲ್ಕು ಉಪಾಯಗಳಿಂದ ಒಂದೇ ತೇಲಾಟವನ್ನು ಕಲಿತುದು ಎರಡು ಪಕ್ಷಗಳಿಗೂ ಉದಾಹರಣೆಯಾಗಬಲ್ಲುದು. ಆದರೆ ನಿಯಮಗಳಾಚೆಗೆ ಒಂದು ಕೈಯು ಬಂದು ಹೆಜ್ಜೆಯನ್ನು ತಿರುಗಿಸಿತೆಂದು ಇಬ್ಬರೂ ವಾದಿಸಲಿಲ್ಲ.

ಇನ್ನು ಸ್ವಮತದ ವಿಚಾರ. ಕುಂಬಾರನು ಗಡಿಗೆಯ ಹೊರಗೆ ನಿಂತಿರುವನು, ಮಣ್ಣು ಅವನದಲ್ಲ. ಅವನು ಕೇವಲ ನಿಮಿತ್ತಕಾರಣ. ಶಕ್ತಿವಿಶಿಷ್ಟಾದ್ವೈತವು ಶಿವನನ್ನು ಅಂಥ ಕುಂಬಾರನೆಂದು ಹೇಳುವುದಿಲ್ಲ. ಶಿವನೇ ನಿಮಿತ್ತ, ಶಿವನೇ ಉಪಾದಾನ. ಅವನಿಂದ ಅಗಲದ ಶಕ್ತಿಯೇ ಜಗದ್ರೂಪವಾಗಿ ಅರಳಿರುವುದು. ಶ್ರೀಪತಿಪಂಡಿತಾರಾಧ್ಯರ ಶ್ರೀಕರಭಾಷ್ಯವನ್ನು ಹಯವದನರಾಯರು 1936ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ ಮೇಲೆ ಈ ವಿಷಯವು ಜಿಜ್ಞಾಸುಗಳಿಗೆ ಸುಲಭವಾಗಿ ದೊರೆಯುವಂತಾಗಿರುವುದು. ಹೀಗಿರಲು ‘ಕುರುಡು ಪ್ರಕೃತಿಯೋ, ನಡೆಸುವ ಶಿವನೋ’ ಎಂಬ ಪ್ರಶ್ನೆಯಲ್ಲಿಯೇ ಒಂದು ದೋಷವುಂಟು. ಅದು ನಡೆಸುವವನನ್ನೂ ನಡೆಯುವುದನ್ನೂ ಬೇರೆಬೇರೆಯಾಗಿ ನಿಲ್ಲಿಸುವುದು. ವ್ಯತ್ಯಾಸವನ್ನು ಹುಟ್ಟಿಸುವ ನಿಯಮವೂ, ಅದನ್ನು ಜರಡಿಹಿಡಿಯುವ ನಿಯಮವೂ, ಆ ನಿಯಮಗಳು ನೆಲೆಯಾಗಿರುವ ದ್ರವ್ಯವೂ ಶಕ್ತಿಯೇ ಆದಮೇಲೆ, ವಿಜ್ಞಾನಿಯು ಇನ್ನೂ ವಿವರಿಸದ ಸಂದುಗಳಲ್ಲಿ ಶಿವನನ್ನು ಹುಡುಕಬೇಕಾದ ಅವಶ್ಯಕತೆ ಭಕ್ತನಿಗಿಲ್ಲ. ಸಂದಿನಲ್ಲಿ ಕೂಡಿಸಿದ ದೇವರು ಸಂದು ಮುಚ್ಚಿದ ದಿನ ಮನೆಯಿಲ್ಲದವನಾಗುವನು.

ಆದರೆ ಈ ಸಿದ್ಧಾಂತವನ್ನು ವಿಜ್ಞಾನವು ಸಾಧಿಸಿಕೊಟ್ಟಿತೆಂದು ಡಂಗುರ ಹೊಡೆಯುವುದೂ ತಪ್ಪು. ಇದು ಶ್ರುತ್ಯಾಗಮಗಳಿಂದಲೂ ಅನುಭಾವದಿಂದಲೂ ಬಂದ ಅರಿವು. ಪ್ರಯೋಗಶಾಲೆಯ ಮುದ್ರೆಯನ್ನು ಬೇಡತಕ್ಕದ್ದಲ್ಲ. ಮೀನು, ಆಮೆ, ಹಂದಿಗಳಿಂದ ಆರಂಭವಾಗುವ ದಶಾವತಾರದ ಕಥೆಯೇ ಜೀವವಿಕಾಸವೆಂದೂ, ಎಂಬತ್ತನಾಲ್ಕು ಲಕ್ಷ ಯೋನಿಗಳ ಮಾತೇ ಡಾರ್ವಿನ್ನನ ಮತವೆಂದೂ ಸಭೆಗಳಲ್ಲಿ ಹೇಳಿ ಕರತಾಡನವನ್ನು ಪಡೆಯುವವರುಂಟು. ಅವತಾರವು ಒಬ್ಬನೇ ಪುರುಷನ ಇಳಿದುಬರುವಿಕೆ. ಯೋನಿಸಂಚಾರವು ಒಂದೇ ಜೀವನ ಜನ್ಮಾಂತರ. ಜೀವವಿಕಾಸವು ಸಂತತಿಗಳಲ್ಲಿ ತಲೆಮಾರಿನಿಂದ ತಲೆಮಾರಿಗೆ ಆಗುವ ಬದಲಾವಣೆ. ಮೂರೂ ಬೇರೆ. ಬೇರೆಯಾದುದನ್ನು ಒಂದೆಂದು ಹೇಳುವುದರಿಂದ ಶಾಸ್ತ್ರಕ್ಕೆ ಗೌರವವು ಹೆಚ್ಚುವುದಿಲ್ಲ.

ಇದೇನು ಪಂಡಿತರ ಕಾಲಹರಣವೇ ಎಂದರೆ, ಅಲ್ಲ. 2018ರಲ್ಲಿ ಕೇಂದ್ರದ ಮಂತ್ರಿಯೊಬ್ಬರು ಡಾರ್ವಿನ್ನನ ಸಿದ್ಧಾಂತವು ತಪ್ಪೆಂದು ಹೇಳಿದಾಗ, ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯನ್ನೊಳಗೊಂಡು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಅದನ್ನು ಪ್ರತಿಭಟಿಸಿದವು. ರಾಷ್ಟ್ರೀಯ ಪಠ್ಯಗಳ ಹೊರೆಯನ್ನು ಇಳಿಸುವ ಕ್ರಮದಲ್ಲಿ ಹತ್ತನೆಯ ತರ್ಗತಿಯ ಪುಸ್ತಕದಿಂದ ಜೀವವಿಕಾಸದ ಪಾಠವು ಬಿಟ್ಟುಹೋದುದನ್ನು ಕಂಡು 2023ರಲ್ಲಿ 1800ಕ್ಕೂ ಹೆಚ್ಚು ವಿಜ್ಞಾನಿಗಳೂ ಅಧ್ಯಾಪಕರೂ ಬಹಿರಂಗಪತ್ರಕ್ಕೆ ಸಹಿ ಮಾಡಿದರು. ಹತ್ತನೆಯ ತರಗತಿಯ ಮೇಲೆ ಜೀವಶಾಸ್ತ್ರವನ್ನು ಓದದ ಮಕ್ಕಳೇ ಬಹುಮಂದಿ. ಅವರು ಕೃಷಿಕರಾಗುವರು, ವರ್ತಕರಾಗುವರು, ಕೆಲವರು ಮಠದ ಶಾಸ್ತ್ರಿಗಳೂ ಆಗುವರು. ಪುತ್ತೂರಿನ ಪರ್ಲಡ್ಕದ ಬಾಲವನದಲ್ಲಿ ಬಹುಕಾಲ ನೆಲೆಸಿದ್ದ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಅನಂತರ ದೊಡ್ಡವರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಬರೆದುದು ಇಂಥ ಕನ್ನಡಿಗರಿಗಾಗಿಯೇ. ಕಾರಂತರು ದೇವರನ್ನು ಆಧಾರವಾಗಿ ಹಿಡಿದು ಬರೆದವರಲ್ಲ. ಆದರೂ ತಿಳಿದುದನ್ನು ಮರೆಮಾಚದೆ ಕನ್ನಡದ ಮಗುವಿಗೆ ಹೇಳಬೇಕೆಂಬ ಅವರ ಶ್ರದ್ಧೆಯನ್ನು ಮಠಗಳೂ ಅನುಸರಿಸತಕ್ಕದ್ದು. ಶಾಲೆಯಲ್ಲಿ ಒಂದನ್ನು ಹೇಳಿ ಅಂಕ ಪಡೆದು, ಮಠದಲ್ಲಿ ಮತ್ತೊಂದನ್ನು ಹೇಳಿ ಪ್ರಸಾದ ಪಡೆಯುವ ಬಾಲಕನು ಎರಡು ಕಡೆಯಲ್ಲಿಯೂ ಸುಳ್ಳನ್ನು ಕಲಿಯುವನು.

ಕೊನೆಯದಾಗಿ ನಿರ್ಣಯದ ಮಾತು. ಈ ಸೀಮೆಯಲ್ಲಿ ಕಣ್ಣುಳ್ಳ ಕೈಯೊಂದು ನಿಸ್ಸಂಶಯವಾಗಿ ಕೆಲಸ ಮಾಡುತ್ತಿರುವುದು. ಅದು ಮನುಷ್ಯನ ಕೈ. ಗೇರುಮರವು ಹದಿನಾರನೆಯ ಶತಮಾನದಲ್ಲಿ ಪೋರ್ತುಗೀಸರ ಮೂಲಕ ಬ್ರೆಜಿಲ್ ದೇಶದಿಂದ ಈ ಕರಾವಳಿಗೆ ಬಂದಿತು. ಬೀಜದಿಂದ ಹುಟ್ಟಿದ ಗೇರುಮರಗಳಲ್ಲಿ ಒಂದರಂತೆ ಇನ್ನೊಂದಿರುವುದಿಲ್ಲ. ಪುತ್ತೂರಿನಲ್ಲಿ 1986ರಲ್ಲಿ ಸ್ಥಾಪಿತವಾದ ಗೇರು ಸಂಶೋಧನಕೇಂದ್ರದವರು ಅವುಗಳಲ್ಲಿ ಉತ್ತಮವಾದುದನ್ನು ಆರಿಸಿ, ಕೂಡಿಸಿ, ಕಸಿಕಟ್ಟಿ ಹೊಸ ತಳಿಗಳನ್ನು ಹೊರತಂದಿರುವರು. ಇದೇ ನಡೆಸಲ್ಪಟ್ಟ ವಿಕಾಸ. ಇಲ್ಲಿ ನಡೆಸುವವನನ್ನು ಊಹಿಸಬೇಕಾಗಿಲ್ಲ, ಹೋಗಿ ನೋಡಬಹುದು. ಡಾರ್ವಿನ್ನನು ತನ್ನ ಗ್ರಂಥವನ್ನು ಪಾರಿವಾಳ ಸಾಕುವವರ ಇಂಥ ಆಯ್ಕೆಯಿಂದಲೇ ಆರಂಭಿಸಿದನು.

ಆದರೆ ಕಣ್ಣಿದ್ದ ಮಾತ್ರಕ್ಕೆ ಕೈಗೆ ಕರುಣೆಯಿರುವುದೆಂಬ ನಿಯಮವಿಲ್ಲ. 2000ಕ್ಕೆ ಹಿಂದಿನ ಎರಡು ದಶಕಗಳಲ್ಲಿ ಕಾಸರಗೋಡಿನಲ್ಲಿಯೂ ದಕ್ಷಿಣ ಕನ್ನಡದಲ್ಲಿಯೂ ಗೇರುತೋಪುಗಳ ಮೇಲೆ ಚಹಾಸೊಳ್ಳೆಯೆಂಬ ಕೀಟವನ್ನು ಕೊಲ್ಲುವುದಕ್ಕಾಗಿ ಎಂಡೋಸಲ್ಫಾನ್ ಎಂಬ ವಿಷವನ್ನು ಆಕಾಶದಿಂದ ಸುರಿಸಲಾಯಿತು. ಆ ತೋಪುಗಳ ಸುತ್ತಣ ಹಳ್ಳಿಗಳಲ್ಲಿ ಅಂಗವಿಕಲರಾಗಿಯೂ ಬುದ್ಧಿಮಾಂದ್ಯರಾಗಿಯೂ ಹುಟ್ಟಿ ನರಳಿದ ಅನೇಕರನ್ನು ಸರಕಾರವು ಸಂತ್ರಸ್ತರೆಂದು ಗುರುತಿಸಿ ಮಾಸಾಶನವನ್ನು ಕೊಟ್ಟಿತು. ಕಡಬದ ಕಡೆಯ ಕೊಯಿಲದಲ್ಲಿಯೂ ಬೆಳ್ತಂಗಡಿಯ ಕೊಕ್ಕಡದಲ್ಲಿಯೂ ಅಂಥ ಮಕ್ಕಳಿಗಾಗಿ ಪಾಲನಾಕೇಂದ್ರಗಳು ತೆರೆಯಲ್ಪಟ್ಟವು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ವಿಷವನ್ನು ನಿಷೇಧಿಸಿತು. ಆ ಮಕ್ಕಳ ತಾಯಂದಿರಲ್ಲಿ ಒಬ್ಬಳು ಮಠದ ಬಾಗಿಲಿಗೆ ಬಂದು, ಇದು ಶಿವನ ಸಂಕಲ್ಪವೇ ಎಂದು ಕೇಳಿದರೆ, ಎಲ್ಲವೂ ನಡೆಸಲ್ಪಟ್ಟದ್ದೆಂದು ಹೇಳುವವರು ಏನು ಉತ್ತರ ಕೊಡುವರು? ಈಶ್ವರನಿಗೆ ಪಕ್ಷಪಾತವೂ ಕ್ರೌರ್ಯವೂ ಬರುವುದೆಂಬ ಆಕ್ಷೇಪವನ್ನು ಸೂತ್ರಕಾರರೇ ಎತ್ತಿ, ಜೀವಿಗಳ ಕರ್ಮವನ್ನು ಮುಂದಿಟ್ಟು ಪರಿಹರಿಸಿರುವರು. ಆದರೆ ಆ ಸಮಾಧಾನವು ಶಾಸ್ತ್ರಪಾಠದ ಸ್ಥಳಕ್ಕೆ ಸೇರಿದುದು. ಅದನ್ನು ತೆಗೆದುಕೊಂಡು ಹೋಗಿ ಮಗುವಿನ ಹಾಸಿಗೆಯ ಬಳಿ ನಿಂತ ತಾಯಿಗೆ ‘ನಿನ್ನ ಕರ್ಮ’ ಎಂದು ಹೇಳುವವನು ಶಾಸ್ತ್ರವನ್ನು ಓದಿದ್ದರೂ ಶರಣಮಾರ್ಗವನ್ನು ಅರಿತವನಲ್ಲ. ಏಕೆಂದರೆ ಬಸವಾದಿ ಪ್ರಮಥರು ದಯೆಯನ್ನು ಬಿಟ್ಟ ಧರ್ಮವನ್ನು ಎಣಿಕೆಗೆ ತೆಗೆದುಕೊಂಡವರಲ್ಲ. ಆ ತಾಯಿಗೆ ಹೇಳಬೇಕಾದ ಸತ್ಯವು ಬೇರೆ: ವಿಷವನ್ನು ಸುರಿದುದು ಮನುಷ್ಯನ ಕೈ, ಅದನ್ನು ತಡೆಯಬೇಕಾಗಿದ್ದುದೂ ಮನುಷ್ಯನ ಕಣ್ಣು, ಇನ್ನು ಆಕೆಯ ಭಾರವನ್ನು ಹೊರಬೇಕಾದುದೂ ಮನುಷ್ಯನ ಹೆಗಲು.

ಆದುದರಿಂದ ನಿರ್ಣಯವಿಷ್ಟೆ. ಜೀವವಿಕಾಸದ ಹೆಜ್ಜೆಗಳು ಮುಂದನ್ನು ನೋಡಿ ಇಟ್ಟವಲ್ಲ. ಇದನ್ನು ಒಪ್ಪುವುದರಿಂದ ಶಿವನಿಗೆ ಕುಂದಿಲ್ಲ, ಏಕೆಂದರೆ ಶಿವನು ಹೊರಗೆ ನಿಂತ ಕುಂಬಾರನಲ್ಲ. ಆದರೆ ಆ ಕುರುಡು ನಡಿಗೆಯಿಂದಲೇ ಕೊನೆಗೆ ನೋಡಬಲ್ಲ ಜೀವವೊಂದು ಹುಟ್ಟಿತು. ತನಗಾಗುವ ನೋವನ್ನು ಮಾತ್ರವಲ್ಲದೆ ಇನ್ನೊಂದಕ್ಕಾಗುವ ನೋವನ್ನೂ ಅರಿಯಬಲ್ಲ ಜೀವ ಅದು. ಓತಿಗೆ ರೆಕ್ಕೆಯು ಹೇಗೋ ಮನುಷ್ಯನಿಗೆ ಅರಿವು ಹಾಗೆ. ಸೃಷ್ಟಿಯಲ್ಲಿ ನಡೆಸುವವನು ಯಾರೆಂದು ವಾದಿಸುತ್ತ ಕುಳಿತವನಿಗಿಂತ, ತನ್ನ ಕೈಗೆ ಬಂದಷ್ಟು ಸೃಷ್ಟಿಯನ್ನು ದಯೆಯಿಂದ ನಡೆಸುವವನು ಶಿವನಿಗೆ ಹತ್ತಿರದವನು. ಹಳದಿಯಾದ ತೋಟದಲ್ಲಿ ಹಸುರುಮರವನ್ನು ಹುಡುಕುವ ಕಣ್ಣೂ, ಪಾಲನಾಕೇಂದ್ರದಲ್ಲಿ ಮಗುವಿಗೆ ತುತ್ತಿಡುವ ಕೈಯೂ ಆ ಸಂಕಲ್ಪವು ಕಾಣಿಸಿಕೊಳ್ಳುವ ಸ್ಥಲಗಳೆಂದು ತಿಳಿದು, ಪಾಠಶಾಲೆಯ ವಿದ್ಯಾರ್ಥಿಗಳು ವಿಜ್ಞಾನವನ್ನು ನಿರ್ಭಯವಾಗಿ ಓದಲಿ, ಶಾಸ್ತ್ರವನ್ನು ನಿಷ್ಠೆಯಿಂದ ಓದಲಿ, ಎರಡರಲ್ಲಿಯೂ ಸತ್ಯವನ್ನೇ ನುಡಿಯಲಿ.

ಶಿವಾರ್ಪಣಮಸ್ತು.